ಜಿಂಕೆ ಬೇಟೆಗೆ ಹಗುರ ಗುಂಡುಗಳನ್ನು ಆರಿಸುವ ಬಗೆ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಬಿಳಿಬಾಲದ ಜಿಂಕೆಯ ಮುಖ್ಯ ಬೇಟೆ ಋತು ಸಾಮಾನ್ಯವಾಗಿ ನವೆಂಬರ್ ತಿಂಗಳ ಮೊದಲ ಶನಿವಾರ ತೆರೆಯುತ್ತದೆ. ಅದಕ್ಕೆ ಒಂದೆರಡು ವಾರ ಮುಂಚೆ ತೋಟಾ ಮಾರುವ ಅಂಗಡಿಯ ಕಪಾಟಿನ ಮುಂದೆ ನಿಂತು ಯಾವ ಡಬ್ಬಿಯನ್ನು ಎತ್ತಿಕೊಳ್ಳುವುದೆಂದು ತಿಳಿಯದೆ ತಲೆ ಕೆರೆದುಕೊಳ್ಳುವವರಲ್ಲಿ ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮವರೂ ಇರುತ್ತಾರೆ. ಮಕ್ಕಳಿಗೋ ಮೊದಲ ಸಲ ಕೋವಿ ಹಿಡಿಯುವವರಿಗೋ ಹೆಗಲಿಗೆ ಪೆಟ್ಟು ಕಡಿಮೆಯಿರಲೆಂದು ಹಗುರ ಗುಂಡನ್ನು ಕೊಡಿಸುವ ರೂಢಿ ಅಲ್ಲಿ ವ್ಯಾಪಕವಾಗಿದೆ, ಮತ್ತು ಆ ರೂಢಿ ತಪ್ಪೇನೂ ಅಲ್ಲ. ತಪ್ಪಾಗುವುದು ಡಬ್ಬಿಯ ಮೇಲಿನ ತೂಕದ ಅಂಕಿಯೊಂದನ್ನೇ ನೋಡಿ ಕೊಂಡಾಗ. ತೂಕ ಕಡಿಮೆಯಾದಷ್ಟೂ ಗುಂಡಿನ ಕಟ್ಟು, ಅಂದರೆ ಅದನ್ನು ರಚಿಸಿದ ರೀತಿ, ಗಟ್ಟಿಯಾಗಿರಬೇಕು ಎಂಬುದೇ ಈ ಆಯ್ಕೆಯ ತಿರುಳು. ನಳಿಗೆ, ದೂರ, ಗುರಿಯಿಡುವ ಜಾಗ ಇವೆಲ್ಲ ಅದರ ಹಿಂದೆಯೇ ಬರುವ ಲೆಕ್ಕಗಳು.

ಇಲ್ಲಿ ಹೇಳುವುದೆಲ್ಲ ಅಮೆರಿಕದ ಕಾನೂನುಬದ್ಧ ಬೇಟೆಗೆ ಸಂಬಂಧಿಸಿದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ, ಕಾಡುಕುರಿ ಇವುಗಳ ಬೇಟೆ ಅಪರಾಧ. ಕೊಡಗಿನವರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯೂ ಕೋವಿಯನ್ನು ಹೊಂದುವುದಕ್ಕೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಶಿಕಾರಿಗಲ್ಲ.

ಹಗುರ ಎಂದರೆ ಎಷ್ಟು

ಮದ್ದು, ಕೇಪು, ಹಿತ್ತಾಳೆಯ ಕೋಶ, ಗುಂಡು ಎಲ್ಲವೂ ಸೇರಿದ್ದನ್ನು ತೋಟಾ ಎಂದೂ, ಅದರ ತುದಿಯಲ್ಲಿ ಕುಳಿತು ನಳಿಗೆಯಿಂದ ಹೊರಟುಹೋಗುವ ಲೋಹದ ತುಂಡನ್ನು ಮಾತ್ರ ಗುಂಡು ಎಂದೂ ಇಲ್ಲಿ ಕರೆದಿದ್ದೇನೆ. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಅಳೆಯುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್. ಅಂದರೆ 100 ಗ್ರೇನ್ ಗುಂಡು ಆರೂವರೆ ಗ್ರಾಮಿನಷ್ಟು ತೂಗುತ್ತದೆ. ಇಷ್ಟು ಸಣ್ಣ ವಸ್ತುವಿನ ತೂಕದಲ್ಲಿ ಇಪ್ಪತ್ತು ಮೂವತ್ತು ಗ್ರೇನ್ ವ್ಯತ್ಯಾಸವಾದರೆ ಅದು ದೊಡ್ಡ ವ್ಯತ್ಯಾಸವೇ.

ಆದರೆ ಹಗುರ, ಭಾರ ಎನ್ನುವುದು ಆಯಾ ಕ್ಯಾಲಿಬರ್‌ಗೆ, ಅಂದರೆ ಸುಮಾರಾಗಿ ಇಂಚಿನಲ್ಲಿ ಹೇಳುವ ನಳಿಗೆಯ ಒಳಅಳತೆಗೆ, ಹೋಲಿಸಿ ಹೇಳುವ ಮಾತು. .308 ವಿಂಚೆಸ್ಟರ್‌ನಲ್ಲಿ 150, 165, 180 ಗ್ರೇನ್‌ಗಳು ವಾಡಿಕೆಯವು, 125 ಮತ್ತು 130 ಹಗುರ. .270 ವಿಂಚೆಸ್ಟರ್‌ನಲ್ಲಿ ಅದೇ 130 ಗ್ರೇನ್ ಮಾಮೂಲಿ ತೂಕವಾದರೆ 110 ಹಗುರ. .243 ವಿಂಚೆಸ್ಟರ್‌ನಲ್ಲಿ 95 ಮತ್ತು 100 ಗ್ರೇನ್‌ಗಳನ್ನು ಜಿಂಕೆಯ ತೂಕವೆಂದೇ ಹಿಂದಿನಿಂದ ಎಣಿಸುತ್ತ ಬಂದಿದ್ದಾರೆ; 80 ಮತ್ತು 85 ಹಗುರ. .223 ರೆಮಿಂಗ್ಟನ್‌ನಲ್ಲಿ ಸಿಗುವುದೆಲ್ಲವೂ ಜಿಂಕೆಯ ಲೆಕ್ಕದಲ್ಲಿ ಹಗುರವೇ.

ಗುಂಡಿನ ತೂಕವನ್ನು ಪೌಂಡಿಗೆ ತಿರುಗಿಸಿ ಅದರ ವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ಸೆಕ್ಷನಲ್ ಡೆನ್ಸಿಟಿ ಎನ್ನುತ್ತಾರೆ. ತನ್ನ ದಪ್ಪಕ್ಕೆ ಹೋಲಿಸಿದಾಗ ಗುಂಡಿನ ಹಿಂದೆ ಎಷ್ಟು ತೂಕ ತಳ್ಳುತ್ತಿದೆ ಎಂಬುದನ್ನು ಅದು ಸೂಚಿಸುತ್ತದೆ. .243ರ 100 ಗ್ರೇನ್ ಗುಂಡಿಗೂ .270ರ 130 ಗ್ರೇನ್ ಗುಂಡಿಗೂ ಈ ಅಂಕಿ ಒಂದೇ, 0.242. .243ರ 80 ಗ್ರೇನ್‌ಗೆ 0.194, .308ರ 130 ಗ್ರೇನ್‌ಗೆ 0.196, .223ರ 55 ಗ್ರೇನ್‌ಗೆ 0.157. ಒಂದೇ ರೀತಿಯಲ್ಲಿ ಕಟ್ಟಿದ ಗುಂಡುಗಳಲ್ಲಿ ಈ ಅಂಕಿ ಇಳಿದಂತೆ ಒಳಹೋಗುವ ಆಳವೂ ಇಳಿಯುತ್ತದೆ. ‘ಒಂದೇ ರೀತಿಯಲ್ಲಿ ಕಟ್ಟಿದ’ ಎಂಬ ಷರತ್ತು ಮುಖ್ಯವಾದದ್ದು, ಏಕೆಂದರೆ ಇಂದಿನ ಗುಂಡುಗಳು ಒಂದೇ ರೀತಿಯಲ್ಲಿ ಕಟ್ಟಿದವಲ್ಲ.

ಹಗುರ ಗುಂಡನ್ನು ಬಯಸಲು ಇರುವ ಒಳ್ಳೆಯ ಕಾರಣ ಕೋವಿಯ ಒದೆತ. ಒಂದೇ ಕೋವಿಯಲ್ಲಿ ಗುಂಡು ಹಗುರವಾದರೆ ಒದೆತ ಸ್ವಲ್ಪ ತಗ್ಗುತ್ತದೆ. ಕ್ಯಾಲಿಬರ್ ಅನ್ನೇ ಇಳಿಸಿದರೆ ಬಹಳ ತಗ್ಗುತ್ತದೆ. ಒಂದೇ ತೂಕದ ಕೋವಿಗಳಲ್ಲಿ .243ರ ಒದೆತ .30-06ರ ಒದೆತದ ಅರ್ಧದಷ್ಟೇ ಇರುತ್ತದೆ. ಪೆಟ್ಟಿಗೆ ಹೆದರಿ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚಿ ಹೆಗಲು ಕೊಡವುವವರು 180 ಗ್ರೇನ್ ಗುಂಡನ್ನು ಹೊಟ್ಟೆಗೆ ಹೊಡೆಯುವುದಕ್ಕಿಂತ, ಹೆದರಿಕೆಯಿಲ್ಲದೆ 85 ಗ್ರೇನ್ ಗುಂಡನ್ನು ಶ್ವಾಸಕೋಶಕ್ಕೆ ಹೊಡೆಯುವುದು ಜಿಂಕೆಗೂ ಒಳ್ಳೆಯದು, ಬೇಟೆಗಾರರಿಗೂ ಒಳ್ಳೆಯದು. ಗುಂಡು ಹೆಚ್ಚು ನೇರವಾಗಿ ಹೋಗುತ್ತದೆ ಎಂಬ ಇನ್ನೊಂದು ಕಾರಣವನ್ನೂ ಹೇಳುವುದುಂಟು. ಅದು ನಿಜವೇ ಆದರೂ, ನೂರು ಗಜದೊಳಗೆ ಹೊಡೆಯುವವರಿಗೆ ಅದರಿಂದ ದೊಡ್ಡ ಪ್ರಯೋಜನವಿಲ್ಲ.

ಡಬ್ಬಿಯನ್ನು ಓದುವುದು

ಹಾರ್ನಡಿ ಕಂಪನಿಯ ವಿ-ಮ್ಯಾಕ್ಸ್ ಮತ್ತು ಎಸ್‌ಎಸ್‌ಟಿ ಎಂಬ ಎರಡು ಗುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ವಿಷಯದ ಕಷ್ಟ ಅರ್ಥವಾಗುತ್ತದೆ. ಎರಡಕ್ಕೂ ತಾಮ್ರದ ಬಣ್ಣದ ಹೊರಕವಚ, ಎರಡಕ್ಕೂ ಚೂಪಾದ ಕೆಂಪು ಪ್ಲಾಸ್ಟಿಕ್ ತುದಿ. .243ರಲ್ಲಿ ವಿ-ಮ್ಯಾಕ್ಸ್ 87 ಗ್ರೇನ್‌ವರೆಗೆ ಬರುತ್ತದೆ, ಎಸ್‌ಎಸ್‌ಟಿ 95 ಗ್ರೇನ್. ಅಂಗೈ ಮೇಲೆ ಇಟ್ಟುಕೊಂಡರೆ ವ್ಯತ್ಯಾಸವೇ ಕಾಣದು. ಆದರೆ ವಿ-ಮ್ಯಾಕ್ಸ್ ಅನ್ನು ಪ್ರೇರಿ ಡಾಗ್, ಕಯೋಟಿಯಂಥ ಸಣ್ಣ ಪ್ರಾಣಿಗಳಿಗೆಂದು ತೆಳು ಕವಚದಲ್ಲಿ ಕಟ್ಟಿರುತ್ತಾರೆ. ತಗುಲಿದ ಒಂದೆರಡು ಅಂಗುಲದಲ್ಲೇ ಅದು ಚೂರುಚೂರಾಗಬೇಕು ಎಂಬುದೇ ಅದರ ಉದ್ದೇಶ. ಜಿಂಕೆಯ ಹೆಗಲ ಮೂಳೆಗೆ ಅದು ತಗುಲಿದರೆ ಮೇಲ್ಮೈಯಲ್ಲಿ ತಟ್ಟೆಯಗಲ ಗಾಯ ಮಾಡಿ, ಎದೆಗೂಡಿನೊಳಕ್ಕೆ ಹೋಗದೆಯೇ ನಿಲ್ಲಬಹುದು. ಅಂಥ ಜಿಂಕೆ ಓಡಿಹೋಗಿ ದಿನಗಟ್ಟಲೆ ನರಳಿ ಸಾಯುತ್ತದೆ.

ಈಗ ಇದೇ ಕ್ಯಾಲಿಬರ್‌ನಲ್ಲಿ ಬಾರ್ನ್ಸ್ ಕಂಪನಿಯ 80 ಗ್ರೇನ್ ಟಿಟಿಎಸ್‌ಎಕ್ಸ್ ಅನ್ನು ತೆಗೆದುಕೊಳ್ಳಿ. ಅದು ವಿ-ಮ್ಯಾಕ್ಸ್‌ಗಿಂತ ಏಳು ಗ್ರೇನ್ ಹಗುರ, ಆದರೂ ಜಿಂಕೆಗೆ ಸಲ್ಲುವ ಗುಂಡು ಅದೇ. ಅದರಲ್ಲಿ ಸೀಸವಿಲ್ಲ, ಇಡೀ ಗುಂಡು ತಾಮ್ರದ್ದು, ನೀಲಿ ತುದಿಯ ಹಿಂದೆ ಕೊರೆದ ಕುಳಿಯಿಂದಾಗಿ ಮೂತಿ ನಾಲ್ಕು ಎಸಳುಗಳಾಗಿ ಹಿಂದಕ್ಕೆ ಅರಳುತ್ತದೆ, ಹಿಂಭಾಗ ಗಟ್ಟಿಯಾಗಿ ಉಳಿದು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಹೊರಟ ತೂಕದಲ್ಲಿ ಬಹುಪಾಲು ಕೊನೆಯವರೆಗೂ ಉಳಿಯುವುದರಿಂದ, ಹೊರಡುವಾಗಿನ ತೂಕ ಕಡಿಮೆಯಿದ್ದರೂ ನಡೆಯುತ್ತದೆ. ಭಾರವಾದದ್ದು ತಪ್ಪು ಆಯ್ಕೆ, ಹಗುರವಾದದ್ದು ಸರಿಯಾದ ಆಯ್ಕೆ ಎಂಬ ಈ ಉದಾಹರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಳೆಯುತ್ತದೆ.

ತುದಿಯ ಬಣ್ಣವನ್ನು ನಂಬಬಾರದು. ನಾಸ್ಲರ್ ಕಂಪನಿಯ ಬ್ಯಾಲಿಸ್ಟಿಕ್ ಟಿಪ್ ಗುಂಡುಗಳಲ್ಲಿ ಬಣ್ಣ ಕ್ಯಾಲಿಬರ್ ಅನ್ನು ಸೂಚಿಸುತ್ತದೆಯೇ ಹೊರತು ಬಳಕೆಯನ್ನಲ್ಲ. 6 ಮಿಲಿಮೀಟರ್‌ನ (ಅಂದರೆ .243ರ) 55 ಗ್ರೇನ್ ಗುಂಡೂ 95 ಗ್ರೇನ್ ಗುಂಡೂ ನೇರಳೆ ತುದಿಯವೇ, ಆದರೆ ಮೊದಲನೆಯದು ಸಣ್ಣ ಪ್ರಾಣಿಗಳಿಗೆ, ಎರಡನೆಯದು ಜಿಂಕೆಗೆ. ಹಾಗಾಗಿ ಡಬ್ಬಿಯ ಮೇಲೆ ಕ್ಯಾಲಿಬರ್ ಮತ್ತು ತೂಕದ ನಂತರ ಬರುವ ಗುಂಡಿನ ಹೆಸರನ್ನು ಓದಬೇಕು. ಆ ಹೆಸರಿನ ಜೊತೆ ‘ವಾರ್ಮಿಂಟ್’ (ಉಪದ್ರವ ಕೊಡುವ ಸಣ್ಣ ಪ್ರಾಣಿ) ಎಂಬ ಪದ ಕಂಡರೆ ಡಬ್ಬಿಯನ್ನು ಕಪಾಟಿಗೆ ಮರಳಿಸಿ. ‘ಮ್ಯಾಚ್’ ಎಂದಿದ್ದರೆ ಅದು ಕಾಗದದ ಗುರಿಗೆ ಕಟ್ಟಿದ್ದು. ತುದಿಯಲ್ಲಿ ಸಣ್ಣ ರಂಧ್ರವಿದ್ದ ಮಾತ್ರಕ್ಕೆ ಅದು ಅರಳುವ ಗುಂಡಾಗುವುದಿಲ್ಲ. ಪೂರ್ತಿ ಲೋಹ ಹೊದಿಸಿದ, ಎಫ್‌ಎಂಜೆ ಎಂದು ಬರೆದಿರುವ ಅಗ್ಗದ ತೋಟಾಗಳು ಅರಳದೆ ಸೂಜಿ ಚುಚ್ಚಿದಂತೆ ತೂರಿಹೋಗುತ್ತವೆ, ಹಲವು ರಾಜ್ಯಗಳಲ್ಲಿ ಜಿಂಕೆಗೆ ನಿಷಿದ್ಧವೂ ಹೌದು.

ಜಿಂಕೆಗೆ ಸಲ್ಲುವ ಹಗುರ ಗುಂಡುಗಳಲ್ಲಿ ಸ್ಥೂಲವಾಗಿ ನಾಲ್ಕು ಬಗೆಯ ಕಟ್ಟುಗಳಿವೆ. ತಾಮ್ರದ ಕವಚದೊಳಗೆ ಸೀಸವನ್ನು ತುಂಬಿದ ಹಳೆಯ ಬಗೆ ಅಗ್ಗವಾದದ್ದು. ಕ್ಯಾಲಿಬರ್‌ಗೆ ತಕ್ಕ ಮಧ್ಯಮ ತೂಕದಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ; .243ರ 100 ಗ್ರೇನ್ ಪವರ್ ಪಾಯಿಂಟ್‌ನಂಥ ಸಾದಾ ಗುಂಡಿಗೆ ಬಿದ್ದ ಜಿಂಕೆಗಳಿಗೆ ಲೆಕ್ಕವಿಲ್ಲ. ಆದರೆ ತೂಕ ಇಳಿದು ವೇಗ ಏರಿದಾಗ ಹತ್ತಿರದ ಈಡಿನಲ್ಲಿ ಕವಚದಿಂದ ಸೀಸ ಬೇರ್ಪಟ್ಟು ಚದುರುವ ಸಾಧ್ಯತೆ ಹೆಚ್ಚುತ್ತದೆ. ಕವಚವನ್ನೂ ಸೀಸವನ್ನೂ ಬೆಸೆದ, ಬಾಂಡೆಡ್ ಎಂದು ಕರೆಯುವ ಬಗೆಯಲ್ಲಿ ಈ ಅಪಾಯ ಬಹಳ ಕಡಿಮೆ. ಫೆಡರಲ್ ಕಂಪನಿಯ ಫ್ಯೂಷನ್ ಈ ಬಗೆಯದು; .223ರಲ್ಲಿ 62 ಗ್ರೇನ್, .243ರಲ್ಲಿ 95 ಗ್ರೇನ್ ಸಿಗುತ್ತದೆ, ಬೆಲೆಯೂ ವಿಪರೀತವಲ್ಲ. ಮೊದಲ ಸಲ ಕೊಳ್ಳುವವರಿಗೆ ನಾನು ಹೆಚ್ಚಾಗಿ ಸೂಚಿಸುವುದು ಈ ಬಾಂಡೆಡ್ ಗುಂಡುಗಳನ್ನೇ.

ಮೂರನೆಯದು ನಾಸ್ಲರ್ ಪಾರ್ಟಿಶನ್. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದ ಜಾನ್ ನಾಸ್ಲರ್ ಅವರ ಕೋವಿಯಿಂದ ಅತಿ ವೇಗವಾಗಿ ಹೊರಟ ಗುಂಡುಗಳು ಹತ್ತಿರದ ದೂರದಲ್ಲೇ ಒಡೆದುಹೋಗಿ ಒಳಕ್ಕೆ ಇಳಿಯಲಿಲ್ಲ. ಆ ತೊಂದರೆಗೆ ಪರಿಹಾರವಾಗಿ ಅವರು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಬಿಟ್ಟು, ಮುಂದೊಂದು ಹಿಂದೊಂದು ಹೀಗೆ ಎರಡು ಸೀಸದ ಕೋಣೆಗಳನ್ನು ಮಾಡಿದರು: ಮುಂದಿನದು ಅರಳಿ ಸವೆದುಹೋದರೂ ಗೋಡೆಯ ಹಿಂದಿನ ಅರ್ಧ ಹಾಗೆಯೇ ಉಳಿದು ಮುನ್ನುಗ್ಗುತ್ತದೆ. 1948ರಲ್ಲಿ ಕಂಪನಿ ಆರಂಭವಾಯಿತು. ಆ ವಿನ್ಯಾಸ ಇವತ್ತಿಗೂ ಮಾರಾಟದಲ್ಲಿದೆ. ದೊಡ್ಡ ಪ್ರಾಣಿಗಾಗಿ ಹುಟ್ಟಿದ ಈ ಉಪಾಯದಿಂದ ಹೆಚ್ಚು ಲಾಭ ಪಡೆದವು ಸಣ್ಣ ಕ್ಯಾಲಿಬರ್‌ಗಳೇ ಎಂದು ನನಗನಿಸುತ್ತದೆ. .223ರ 60 ಗ್ರೇನ್ ಪಾರ್ಟಿಶನ್ ಮತ್ತು .243ರ 85 ಗ್ರೇನ್ ಪಾರ್ಟಿಶನ್ ಇಲ್ಲದಿದ್ದರೆ ಆ ತೂಕಗಳನ್ನು ಜಿಂಕೆಗೆ ಶಿಫಾರಸು ಮಾಡಲು ಹಲವರು ಹಿಂಜರಿಯುತ್ತಿದ್ದರು.

ನಾಲ್ಕನೆಯದು ಮೇಲೆ ಹೇಳಿದ ಅಖಂಡ ತಾಮ್ರದ ಗುಂಡು. ಬಾರ್ನ್ಸ್ ಇದನ್ನು 1989ರಲ್ಲಿ ‘ಎಕ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು, ಈಗ ಬೇರೆ ಕಂಪನಿಗಳೂ ತಯಾರಿಸುತ್ತವೆ. ತಾಮ್ರದ ಗುಂಡಿನಲ್ಲಿ ಒಂದು ನಿಯಮ ಬೇರೆ: ಇದರಲ್ಲಿ ವಾಡಿಕೆಯ ತೂಕಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿಯುವುದೇ ಒಳಿತು. ಗಟ್ಟಿ ತಾಮ್ರ ಅರಳಬೇಕಾದರೆ ವೇಗ ಬೇಕು, ಹಗುರವಾದರೆ ವೇಗ ಹೆಚ್ಚುತ್ತದೆ, ತೂಕ ಉಳಿಯುವುದರಿಂದ ಆಳಕ್ಕೆ ಕೊರತೆಯಾಗದು. .308ರಲ್ಲಿ 150ರ ಬದಲು 130, .270ರಲ್ಲಿ 130ರ ಬದಲು 110, .243ರಲ್ಲಿ 100ರ ಬದಲು 80 ಎಂದು ಆರಿಸುವವರು ಈ ತರ್ಕವನ್ನೇ ಅನುಸರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸವಿಲ್ಲದ ಗುಂಡು ಕಡ್ಡಾಯ. ಸತ್ತ ಪ್ರಾಣಿಗಳ ಅವಶೇಷದಲ್ಲಿದ್ದ ಸೀಸವನ್ನು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದುದು ಆ ಕಾನೂನಿನ ಹಿಂದಿನ ಮುಖ್ಯ ಕಾರಣ. ಹಾಗಾಗಿ ಅಲ್ಲಿನ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದವರಿಗೆ ಈ ನಾಲ್ಕರಲ್ಲಿ ಆಯ್ಕೆಯಿರುವುದು ಒಂದೇ.

ಸೀಸದ ಮಾತು ಬಂದಿದ್ದರಿಂದ ಅಡುಗೆಮನೆಯ ವಿಷಯವನ್ನೂ ಇಲ್ಲೇ ಮುಗಿಸಬಹುದು. ವೇಗದ ಹಗುರ ಸೀಸದ ಗುಂಡು ಒಡೆದಾಗ ಅದರ ಕಣಗಳು ಗಾಯದಿಂದ ಸಾಕಷ್ಟು ದೂರದವರೆಗೆ ಮಾಂಸದಲ್ಲಿ ಹರಡುತ್ತವೆ. ಕಣ್ಣಿಗೂ ಕಾಣದ, ಹಲ್ಲಿಗೂ ಸಿಗದ ಕಣಗಳವು. 2008ರಲ್ಲಿ ನಾರ್ತ್ ಡಕೋಟಾ ರಾಜ್ಯದಲ್ಲಿ ಬಡವರಿಗೆಂದು ದಾನವಾಗಿ ಬಂದಿದ್ದ ಜಿಂಕೆ ಕೈಮಾದಲ್ಲಿ ಇಂಥ ಚೂರುಗಳು ಕಂಡುಬಂದು, ಆ ಮಾಂಸವನ್ನು ಹಂಚದೆ ಎಸೆಯುವಂತೆ ಸೂಚಿಸಲಾಗಿತ್ತು. ಮನೆಯಲ್ಲಿ ಚಿಕ್ಕ ಮಕ್ಕಳೋ ಗರ್ಭಿಣಿಯರೋ ಇದ್ದರೆ ತಾಮ್ರದ ಗುಂಡಿನ ಹೆಚ್ಚಿನ ಬೆಲೆಯನ್ನು ಕೊಡುವುದು ಮೇಲು. ಸೀಸದ್ದನ್ನೇ ಬಳಸಿದರೆ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಬಿಸಾಡಬೇಕು, ಕೈಮಾಕ್ಕೆ ಸೇರಿಸಬಾರದು.

ನಳಿಗೆ ಒಪ್ಪುತ್ತದೆಯೇ

ರೈಫಲ್‌ನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳು ಗುಂಡನ್ನು ತಿರುಗಿಸಿ ಸ್ಥಿರವಾಗಿಡುತ್ತವೆ. ಎಷ್ಟು ಇಂಚಿಗೆ ಒಂದು ಸುತ್ತು ಎಂಬುದನ್ನು ಟ್ವಿಸ್ಟ್ ಎನ್ನುತ್ತಾರೆ. ಗುಂಡು ಉದ್ದವಾದಷ್ಟೂ ಬೇಗ ತಿರುಗಬೇಕು, ಅಂದರೆ ಆ ಅಂಕಿ ಚಿಕ್ಕದಾಗಿರಬೇಕು. ಇಲ್ಲಿ ಉದ್ದವೇ ಮುಖ್ಯ, ತೂಕವಲ್ಲ. ಹಗುರ ಗುಂಡು ಗಿಡ್ಡವಾಗಿರುವುದರಿಂದ ಸಾಮಾನ್ಯವಾಗಿ ಎಲ್ಲ ನಳಿಗೆಗಳಲ್ಲೂ ಸ್ಥಿರವಾಗಿ ಹಾರುತ್ತದೆ ಎಂಬ ನಂಬಿಕೆ ಸೀಸದ ಗುಂಡುಗಳ ಮಟ್ಟಿಗೆ ಸರಿ. ತಾಮ್ರ ಸೀಸಕ್ಕಿಂತ ಹಗುರವಾದ ಲೋಹ. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗಿದರೆ ತಾಮ್ರ 9 ಗ್ರಾಂ ಕೂಡ ತೂಗುವುದಿಲ್ಲ. ಅದರಿಂದಾಗಿ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಿರುತ್ತದೆ, ಹೆಚ್ಚು ವೇಗದ ಟ್ವಿಸ್ಟ್ ಕೇಳುತ್ತದೆ.

ಈ ಲೆಕ್ಕ ಒಂದು ಒಳ್ಳೆಯ ತೋಟಾದ ಹಣೆಬರಹವನ್ನೇ ಕೆಡಿಸಿದ ಪ್ರಸಂಗವೊಂದಿದೆ. 1955ರಲ್ಲಿ ವಿಂಚೆಸ್ಟರ್ .243 ಅನ್ನೂ ರೆಮಿಂಗ್ಟನ್ .244 ಅನ್ನೂ ಒಟ್ಟೊಟ್ಟಿಗೆ ಮಾರುಕಟ್ಟೆಗೆ ಬಿಟ್ಟವು. ವಿಂಚೆಸ್ಟರ್ ತನ್ನ ನಳಿಗೆಗೆ 10 ಇಂಚಿಗೊಂದು ಸುತ್ತು ಕೊಟ್ಟಿತ್ತು. ಅದು 100 ಗ್ರೇನ್ ಗುಂಡನ್ನು ಆರಾಮವಾಗಿ ನಿಭಾಯಿಸಿತು. ರೆಮಿಂಗ್ಟನ್ ತನ್ನದನ್ನು ಹೆಚ್ಚಾಗಿ ಸಣ್ಣ ಪ್ರಾಣಿಗಳ ತೋಟಾ ಎಂದುಕೊಂಡು 12 ಇಂಚಿಗೊಂದು ಸುತ್ತು ಕೊಟ್ಟಿತು, 90 ಗ್ರೇನ್‌ಗೆ ನಿಂತಿತು. ಒಂದೇ ಕೋವಿಯಲ್ಲಿ ಕಯೋಟಿಯೂ ಆಗಬೇಕು, ಜಿಂಕೆಯೂ ಆಗಬೇಕು ಎನ್ನುತ್ತಿದ್ದ ಬೇಟೆಗಾರರು .243 ಅನ್ನು ಒಪ್ಪಿಕೊಂಡರು. ರೆಮಿಂಗ್ಟನ್ 1963ರಲ್ಲಿ ಅದೇ ತೋಟಾವನ್ನು 9 ಇಂಚಿನ ಟ್ವಿಸ್ಟ್‌ನೊಂದಿಗೆ 6 ಎಂಎಂ ರೆಮಿಂಗ್ಟನ್ ಎಂದು ಹೊಸ ಹೆಸರಿನಲ್ಲಿ ತಂದರೂ ಕಳೆದುಹೋದ ಮಾರುಕಟ್ಟೆ ಮರಳಲಿಲ್ಲ.

ಇಂದು ಈ ತೊಂದರೆ ಹೆಚ್ಚಾಗಿ ಎದುರಾಗುವುದು .223ರಲ್ಲಿ. ಕೈಯಿಂದ ಬೋಲ್ಟ್ ಎಂಬ ಅಗುಳಿಯನ್ನು ಎಳೆದು ತೋಟಾ ಏರಿಸುವ ಹಳೆಯ ಬೋಲ್ಟ್ ಕೋವಿಗಳಲ್ಲಿ 12 ಇಂಚಿನ ಟ್ವಿಸ್ಟ್ ಸಾಮಾನ್ಯ. ಅವು 55 ಗ್ರೇನ್ ಸೀಸದ ಗುಂಡಿನ ಆಚೆಗೆ ಹೋಗಲು ಒಪ್ಪುವುದಿಲ್ಲ. 9 ಇಂಚಿನ ನಳಿಗೆ 60ರಿಂದ 64 ಗ್ರೇನ್‌ನ ಜಿಂಕೆ ಗುಂಡುಗಳಿಗೆ ಸಾಕು. 70 ಗ್ರೇನ್‌ನ ಅಖಂಡ ತಾಮ್ರದ ಗುಂಡಿಗೆ 8 ಇಂಚು ಬೇಕು. ನಳಿಗೆಯ ಮೇಲೆ ಟ್ವಿಸ್ಟ್ ಕೆತ್ತಿರದಿದ್ದರೆ ಅಳೆದುಕೊಳ್ಳುವುದು ಸುಲಭ: ಕೋವಿ ಖಾಲಿಯಿದೆಯೆಂದು ಎರಡು ಸಲ ಖಚಿತಪಡಿಸಿಕೊಂಡು ಬೋಲ್ಟ್ ಹೊರತೆಗೆಯಿರಿ, ಹಿಡಿ ತಿರುಗುವಂಥ ಶುಚಿ ಸಲಾಕೆಗೆ ಬಿಗಿಯಾದ ಬಟ್ಟೆ ತುಂಡು ಸುತ್ತಿ ನಳಿಗೆಯೊಳಗೆ ತುಸು ದೂರ ತಳ್ಳಿ, ನಳಿಗೆಯ ಅಂಚಿನಲ್ಲಿ ಸಲಾಕೆಯ ಮೇಲೆ, ಮೇಲ್ಮುಖವಾಗಿ ಒಂದು ಗುರುತು ಹಾಕಿ, ಸಲಾಕೆಯನ್ನು ನಿಧಾನವಾಗಿ ತಳ್ಳುತ್ತ ಹೋದಂತೆ ಆ ಗುರುತು ಪೂರ್ತಿ ಒಂದು ಸುತ್ತು ತಿರುಗಿ ಮತ್ತೆ ಮೇಲಕ್ಕೆ ಬಂದಾಗ, ಸಲಾಕೆ ಎಷ್ಟು ಇಂಚು ಒಳಗೆ ಹೋಗಿದೆ ಎಂದು ಅಳೆಯಿರಿ. ಅದೇ ನಿಮ್ಮ ಟ್ವಿಸ್ಟ್. ಗುಂಡು ತಯಾರಕರು ಪ್ರತಿ ಗುಂಡಿಗೂ ಬೇಕಾದ ಕನಿಷ್ಠ ಟ್ವಿಸ್ಟ್ ಅನ್ನು ಪ್ರಕಟಿಸುತ್ತಾರೆ, ಹೋಲಿಸಿ ನೋಡಿ. ಅಂಚಿನಲ್ಲಿದ್ದರೆ ಬೇರೆ ಗುಂಡು ಆರಿಸಿ, ಏಕೆಂದರೆ ಬೇಸಗೆಯ ರೇಂಜಿನಲ್ಲಿ ಸರಿಯಾಗಿ ಹಾರಿದ್ದು ನವೆಂಬರ್ ಬೆಳಗಿನ ಚಳಿಯ ಸಾಂದ್ರ ಗಾಳಿಯಲ್ಲಿ ತೊಡರಬಹುದು. ಕಾಗದದ ಗುರಿಯಲ್ಲಿ ದುಂಡು ತೂತಿನ ಬದಲು ಅಡ್ಡಡ್ಡವಾಗಿ ಸೀಳಿದ ತೂತು ಕಂಡರೆ ಗುಂಡು ಉರುಳುತ್ತಿದೆ ಎಂದರ್ಥ. ಆ ಡಬ್ಬಿ ಆ ಕೋವಿಗಲ್ಲ.

ದೂರದ ಮಿತಿ ಮತ್ತು ರಾಜ್ಯದ ನಿಯಮ

ಹಗುರ ಗುಂಡು ವೇಗವಾಗಿ ಹೊರಟು ಬೇಗನೆ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ‘ಎಷ್ಟು ದೂರ ಹೊಡೆಯಬಲ್ಲೆ’ ಎಂಬುದಕ್ಕೆ ಕೈಯ ಗುರಿಗಿಂತ ಮೊದಲು ಗುಂಡೇ ಉತ್ತರ ಕೊಡುತ್ತದೆ. ತಯಾರಕರ ಕೋಷ್ಟಕದಲ್ಲಿ ಎರಡು ಅಂಕಣಗಳನ್ನು ನೋಡಬೇಕು. ಒಂದು ವೇಗದ್ದು: ತಾಮ್ರದ ಗುಂಡುಗಳ ಮಟ್ಟಿಗೆ ಸೆಕೆಂಡಿಗೆ 2000 ಅಡಿ, ಸೀಸದ ಗುಂಡುಗಳಿಗೆ 1800 ಅಡಿಯ ಕೆಳಗೆ ಹೋದರೆ ಅರಳುವುದನ್ನು ನೆಚ್ಚಿಕೊಳ್ಳಬಾರದು ಎಂಬುದು ಸುರಕ್ಷಿತವಾದ ಅಂದಾಜು. ಇನ್ನೊಂದು ಶಕ್ತಿಯದು: ಜಿಂಕೆಗೆ 1000 ಅಡಿ-ಪೌಂಡ್ ಬೇಕು ಎಂಬ ಹಳೆಯ ಹೆಬ್ಬೆರಳ ಲೆಕ್ಕ. ಇದೇನೂ ಪ್ರಕೃತಿನಿಯಮವಲ್ಲ, ಪ್ರಾಣಿ ಸಾಯುವುದು ಶ್ವಾಸಕೋಶ ಹರಿದು ರಕ್ತ ಸೋರುವುದರಿಂದ, ಅಡಿ-ಪೌಂಡುಗಳಿಂದಲ್ಲ. ಆದರೂ ಹೊಸಬರನ್ನು ಅತಿಯಾಸೆಯಿಂದ ತಡೆಯಲು ಅದು ಉಪಯುಕ್ತವಾದ ಬೇಲಿ. ಸೆಕೆಂಡಿಗೆ 3000 ಅಡಿಯಲ್ಲಿ ಹೊರಡುವ .223ರ 62 ಗ್ರೇನ್ ಗುಂಡಿಗೆ ನಳಿಗೆಯ ಬಾಯಲ್ಲಿ ಸುಮಾರು 1240 ಅಡಿ-ಪೌಂಡ್ ಶಕ್ತಿಯಿದ್ದು, ಸುಮಾರು 100 ಗಜದ ಹೊತ್ತಿಗೆ ಅದು 1000ಕ್ಕೆ ಇಳಿದಿರುತ್ತದೆ. .243ರ 95 ಅಥವಾ 100 ಗ್ರೇನ್ ಗುಂಡು ಆ ಮಟ್ಟವನ್ನು 250 ಗಜದ ಆಚೆಗೂ ಉಳಿಸಿಕೊಳ್ಳುತ್ತದೆ. ಟೆಕ್ಸಸ್ ಹಿಲ್ ಕಂಟ್ರಿಯಲ್ಲಿ ಪೆಟ್ಟಿಗೆಯಂಥ ಅಟ್ಟಣಿಗೆಯಲ್ಲಿ ಕುಳಿತು, ಜೋಳ ಚೆಲ್ಲುವ ಯಂತ್ರದ ಬಳಿಗೆ ಬರುವ ಚಿಕ್ಕ ಮೈಕಟ್ಟಿನ ಜಿಂಕೆಯನ್ನು ನೂರು ಗಜದೊಳಗೆ ಹೊಡೆಯುವವರಿಗೆ .223 ಸಾಲಬಹುದು. ಒಳಗನ್ನು ತೆಗೆದ ಮೇಲೂ 200 ಪೌಂಡ್ ಮೀರುವ ಗಂಡು ಜಿಂಕೆಗಳಿರುವ ಮೇಯ್ನ್‌ನ ಕಾಡಿಗೆ ನಾನು ಅದನ್ನು ಹೇಳುವುದಿಲ್ಲ.

ಒದೆತ ತಗ್ಗಿಸಲೆಂದೇ ಮದ್ದು ಕಡಿಮೆ ತುಂಬಿ 125 ಗ್ರೇನ್ ಗುಂಡು ಕೂರಿಸಿದ .308 ಮತ್ತು .30-06 ತೋಟಾಗಳೂ ಸಿಗುತ್ತವೆ. ಅವುಗಳ ವೇಗ 2650 ಅಡಿಯ ಆಸುಪಾಸು. ಮನೆಯಲ್ಲಿ ಈಗಾಗಲೇ ದೊಡ್ಡ ಕ್ಯಾಲಿಬರ್ ಕೋವಿಯಿದ್ದು ಮಕ್ಕಳಿಗೆ ಕಲಿಸಬೇಕಾದರೆ ಹೊಸ ಕೋವಿಯ ಖರ್ಚು ಉಳಿಸುವ ದಾರಿ ಇದು. 150 ಗಜದೊಳಗೆ ಇಟ್ಟುಕೊಂಡರೆ ದೋಷವಿಲ್ಲ.

ರಾಜ್ಯಗಳ ನಿಯಮ ಒಂದೇ ರೀತಿಯಿಲ್ಲ, ಹಗುರ ಗುಂಡಿನವರು ಎಡವುವುದೂ ಇಲ್ಲೇ. ಕೊಲೊರಾಡೋದಲ್ಲಿ ಜಿಂಕೆಗೆ ಕನಿಷ್ಠ .24 ಕ್ಯಾಲಿಬರ್, ಕನಿಷ್ಠ 70 ಗ್ರೇನ್‌ನ ಅರಳುವ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಇರಬೇಕು; .223 ಅಲ್ಲಿ ನಡೆಯದು. ವಾಷಿಂಗ್ಟನ್ ರಾಜ್ಯದಲ್ಲೂ ಜಿಂಕೆಗೆ .24ಕ್ಕಿಂತ ಚಿಕ್ಕದಾಗದು, ವರ್ಜೀನಿಯಾದಲ್ಲಿ .23ಕ್ಕಿಂತ ಚಿಕ್ಕದಾಗದು. ಟೆಕ್ಸಸ್‌ನಲ್ಲಿ ರಿಮ್‌ಫೈರ್ ತೋಟಾಗಳು (ಕೋಶದ ಅಂಚಿಗೆ ಪೆಟ್ಟು ಬಿದ್ದಾಗ ಸಿಡಿಯುವ ಸಣ್ಣ ತೋಟಾಗಳು) ಜಿಂಕೆಗೆ ನಡೆಯವು ಎಂಬುದನ್ನು ಬಿಟ್ಟರೆ ಕ್ಯಾಲಿಬರ್‌ನ ನಿರ್ಬಂಧವಿಲ್ಲ. ಪ್ರತಿ ವರ್ಷದ ನಿಯಮಪುಸ್ತಕ ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ತೋಟಾ ಕೊಳ್ಳುವ ಮೊದಲೇ ಓದಬೇಕು.

ನಮ್ಮವರು ಇನ್ನೂ ಒಂದನ್ನು ಗಮನಿಸಬೇಕು. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಉಂಟು. ಹಾಗಾಗಿ ಮೊದಲು ಪರವಾನಗಿ, ಆಮೇಲೆ ತೋಟಾ. ಪರವಾನಗಿಯ ಅವಧಿ ಮುಗಿದ ದಿನ ಮನೆಯ ಕಪಾಟಿನಲ್ಲಿ ಉಳಿದಿರುವ ಡಬ್ಬಿಯೂ ತೊಂದರೆಗೆ ಕಾರಣವಾಗಬಹುದು ಎಂಬುದನ್ನು ಮರೆಯಬಾರದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆನಂತರ ಹುಟ್ಟಿದವರು ಬೇಟೆ ಶಿಕ್ಷಣದ ತರಬೇತಿಯನ್ನೂ ಮುಗಿಸಿರಬೇಕು.

ರೇಂಜಿನಲ್ಲಿ, ಆಮೇಲೆ ಕಾಡಿನಲ್ಲಿ

ಆರಿಸಿದ ಗುಂಡನ್ನು ಬೇಟೆಗೆ ಮೊದಲು ನಿಮ್ಮದೇ ಕೋವಿಯಲ್ಲಿ ಹೊಡೆದು ನೋಡಲೇಬೇಕು. 100 ಗ್ರೇನ್‌ಗೆ ಸರಿಪಡಿಸಿದ್ದ ದುರ್ಬೀನು 80 ಗ್ರೇನ್ ಗುಂಡನ್ನು ಅದೇ ಜಾಗಕ್ಕೆ ಮುಟ್ಟಿಸುವುದಿಲ್ಲ. ಕೆಲವೊಮ್ಮೆ ಅಂಗುಲಗಟ್ಟಲೆ ಮೇಲೆ ಅಥವಾ ಪಕ್ಕಕ್ಕೆ ಬೀಳುತ್ತದೆ. ಎರಡು ಮೂರು ಬಗೆಯ ಡಬ್ಬಿಗಳನ್ನು ಒಂದೊಂದು ಕೊಂಡು, ಪ್ರತಿಯೊಂದರಿಂದ ಮೂರು ಮೂರು ಈಡುಗಳ ಗುಂಪನ್ನು 100 ಗಜದಲ್ಲಿ ಹೊಡೆದು, ಮಧ್ಯೆ ನಳಿಗೆ ತಣಿಯಲು ಬಿಟ್ಟು ನೋಡಿದರೆ ಕೋವಿಗೆ ಯಾವುದು ಹಿಡಿಸಿದೆ ಎಂಬುದು ತಿಳಿಯುತ್ತದೆ. ಸೀಸದ ಗುಂಡಿನಿಂದ ತಾಮ್ರದ ಗುಂಡಿಗೆ ಬದಲಾಯಿಸುವಾಗ ನಳಿಗೆಯನ್ನು ಮೊದಲು ಚೆನ್ನಾಗಿ ಶುಚಿ ಮಾಡಬೇಕು. ಗುಂಪು ಒಂದೂವರೆ ಅಂಗುಲದೊಳಗಿದ್ದರೆ ಜಿಂಕೆಗೆ ಸಾಕು. ಅದನ್ನು ಅರ್ಧ ಅಂಗುಲಕ್ಕೆ ಇಳಿಸಲು ಹೊರಡುವುದು ಬೇರೆಯೇ ಹವ್ಯಾಸ. ಮಕ್ಕಳಿಗೆ ಅಭ್ಯಾಸ ಮಾಡಿಸುವಾಗ ಕಿವಿಗೆ ರಕ್ಷಣೆ ಎರಡು ಪದರವಿರಲಿ. ಬೆಚ್ಚಿಬೀಳುವ ಚಾಳಿ ಹುಟ್ಟುವುದು ಒದೆತದಷ್ಟೇ ಸದ್ದಿನಿಂದಲೂ.

ಹಗುರ ಗುಂಡಿನವರು ಜಿಂಕೆ ನಿಂತ ಕೋನದ ಬಗ್ಗೆ ಹೆಚ್ಚು ಕಟ್ಟುನಿಟ್ಟಾಗಿರಬೇಕು. ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಿದ್ದರೆ ಮುಂಗಾಲಿನ ಹಿಂಬದಿಯ ಗೆರೆಯನ್ನು ಮೇಲಕ್ಕೆ ಎಳೆದು, ಎದೆಯ ಎತ್ತರದಲ್ಲಿ ಕೆಳಗಿನಿಂದ ಮೂರನೆಯ ಒಂದು ಭಾಗಕ್ಕೆ ಗುರಿಯಿಟ್ಟರೆ ಗುಂಡು ಎರಡು ಪಕ್ಕೆಲುಬುಗಳ ನಡುವೆ ಹಾದು ಎರಡೂ ಶ್ವಾಸಕೋಶಗಳನ್ನು ಹಾಯುತ್ತದೆ. ಸ್ವಲ್ಪ ಆಚೆಗೆ ತಿರುಗಿ ನಿಂತಿದ್ದರೆ ಗುರಿಯನ್ನು ಹಿಂದಕ್ಕೆ ಸರಿಸಿ, ಗುಂಡು ಆಚೆ ಕಡೆಯ ಮುಂಗಾಲಿನ ಬಳಿ ಹೊರಬರುವಂತೆ ಊಹಿಸಿ ಹೊಡೆಯಬಹುದು. ನಮ್ಮತ್ತ ಓರೆಯಾಗಿ ನಿಂತಿದ್ದರೆ ದಾರಿಗೆ ಹೆಗಲ ಮೂಳೆ ಅಡ್ಡ ಬರುತ್ತದೆ. 150 ಗ್ರೇನ್ ಬಾಂಡೆಡ್ ಗುಂಡಿನವರು ಹೊಡೆಯಬಹುದಾದ ಆ ಈಡನ್ನು 60 ಗ್ರೇನ್‌ನವರು ಬಿಟ್ಟುಬಿಡಬೇಕು. ಜಿಂಕೆ ತಿರುಗುವವರೆಗೆ ಕಾಯಬೇಕು, ತಿರುಗದಿದ್ದರೆ ಅದು ಆ ದಿನ ಬದುಕಿತು. ಹಿಂದಿನಿಂದ ಹೊಡೆಯುವ ಮಾತೇ ಬೇಡ.

ಗುಂಡು ಆಚೆಗೆ ಹೊರಬೀಳದೆ ಒಳಗೇ ಉಳಿದರೆ ರಕ್ತದ ಜಾಡು ಬಹಳ ತೆಳುವಾಗಿರುತ್ತದೆ. ಒಳಹೋದ ತೂತು ಕಾಳಿನಷ್ಟಿರುತ್ತದೆ, ಅದನ್ನು ಕೊಬ್ಬೂ ಕೂದಲೂ ಮುಚ್ಚುತ್ತವೆ, ರಕ್ತ ಎದೆಗೂಡಿನೊಳಗೇ ತುಂಬಿಕೊಳ್ಳುತ್ತದೆ. ಆದ್ದರಿಂದ ಹೊಡೆದೊಡನೆ ಜಿಂಕೆ ನಿಂತಿದ್ದ ಜಾಗವನ್ನೂ ಅದು ಕಣ್ಮರೆಯಾದ ಪೊದೆಯನ್ನೂ ಗುರುತಿಟ್ಟುಕೊಂಡು, ಅರ್ಧ ಗಂಟೆ ಕಾದು, ನಿಂತಿದ್ದ ಜಾಗದಿಂದಲೇ ಹುಡುಕಲು ಆರಂಭಿಸಬೇಕು. ನಸುಗೆಂಪು ನೊರೆ ರಕ್ತ ಕಂಡರೆ ಶ್ವಾಸಕೋಶಕ್ಕೆ ತಗುಲಿದೆ, ಹೆಚ್ಚು ದೂರ ಹೋಗಿರದು. ಹಸಿರು ಬೆರೆತ, ವಾಸನೆಯಿರುವ ಕಲೆ ಕಂಡರೆ ಹೊಟ್ಟೆಗೆ ಬಿದ್ದಿದೆ. ಹಿಂದಕ್ಕೆ ಬಂದು ಹಲವು ಗಂಟೆ ಕಾಯದೆ ಬೆನ್ನಟ್ಟಿದರೆ ಅದು ಇನ್ನೂ ದೂರ ಓಡುತ್ತದೆ. ಸಿಕ್ಕ ಮೇಲೆ ಚರ್ಮ ಸುಲಿಯುವಾಗ ಗುಂಡು ಹಾದುಹೋದ ದಾರಿಯನ್ನು ಬೆರಳಿನಿಂದ ಹಿಂಬಾಲಿಸಿ ನೋಡಿ: ಆಚೆ ಬದಿಯ ಚರ್ಮದ ಕೆಳಗೆ ಅರಳಿದ ಗುಂಡು ಸಿಕ್ಕರೆ ತೊಳೆದು ತೂಗಿಡಿ. 95 ಗ್ರೇನ್ ಹೊರಟದ್ದು 80ರಷ್ಟು ಉಳಿದಿದ್ದರೆ ಅದೇ ಡಬ್ಬಿಗೆ ನಿಲ್ಲಬಹುದು, ಬರೀ ಕವಚದ ಹರಿದ ಸಿಪ್ಪೆ ಸಿಕ್ಕರೆ ಮುಂದಿನ ಋತುವಿಗೆ ಇನ್ನೂ ಗಟ್ಟಿ ಕಟ್ಟಿನದನ್ನು ಹುಡುಕಬೇಕು.

ಕೋವಿಗೆ ಹಿಡಿಸಿದ ಗುಂಡು ಗೊತ್ತಾದ ಮೇಲೆ, ಡಬ್ಬಿಯ ಒಳಮಡಿಕೆಯಲ್ಲಿ ಅಚ್ಚಾಗಿರುವ ಲಾಟ್ ಸಂಖ್ಯೆಯನ್ನು (ಒಂದೇ ಸಲ ತಯಾರಾದ ತೋಟಾಗಳ ಗುರುತು) ನೋಡಿಕೊಂಡು ಅದೇ ಸಂಖ್ಯೆಯ ಮೂರು ನಾಲ್ಕು ಡಬ್ಬಿಗಳನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಕೊಂಡಿಡುವುದು ಜಾಣತನ. ಅಕ್ಟೋಬರ್ ಕೊನೆಗೆ ಹೋದರೆ ಕಪಾಟಿನಲ್ಲಿ ವಾರ್ಮಿಂಟ್ ಡಬ್ಬಿಗಳಷ್ಟೇ ಉಳಿದಿರುತ್ತವೆ.